ದಾದರಿನಲ್ಲೇ ಇಳಿದುಬಿಟ್ಟ ಸಾಹಿತ್ಯ

ಊರಲ್ಲಿ ಕತೆ, ಕಾದಂಬರಿ ಓದುವ ಯಾರನ್ನಾದರೂ ಕೇಳಿ ನೋಡಿ. ಮುಂಬಯಿ ಕನ್ನಡಿಗ ಅಂದಕೂಡಲೇ ಅವರ ಕಣ್ಣಿಗೆ ಬರುವುದು ಫೋರ್ಟಿನ ಉಡುಪಿ ಹೋಟೆಲು, ಗಿರಗಾಂವದ ಚಾಳು, ಸಮುದ್ರದ ಕಡೆ ಕಿಟಕಿಯಿರುವ ಕಂಪೆನಿ ಆಫೀಸು. ಈ ಚಿತ್ರ ಸುಳ್ಳೇನಲ್ಲ. ಯಶವಂತ ಚಿತ್ತಾಲರ 'ಶಿಕಾರಿ' (1979) ಓದಿದವರು ನಾಗಪ್ಪನನ್ನೂ ಅವನ ಬೆನ್ನುಹತ್ತಿದ ಕಂಪೆನಿಯ ಜಗತ್ತನ್ನೂ ಮರೆಯುವಂತಿಲ್ಲ. ವ್ಯಾಸರಾಯ ಬಲ್ಲಾಳರು, ಆಮೇಲೆ ಜಯಂತ ಕಾಯ್ಕಿಣಿಯವರು ಈ ನಗರವನ್ನು ಕನ್ನಡಕ್ಕೆ ತಂದ ಪರಿ ನಮ್ಮ ಭಾಗ್ಯ. ನನ್ನ ತಕರಾರು ಅವರ ಮೇಲಲ್ಲ, ಅವರ ನಂತರ ಬರೆಯುತ್ತಿರುವ ನಮ್ಮ ಮೇಲೆ. ಆ ಹೋಟೆಲಿನ ಹುಡುಗ, ಆ ಚಾಳಿನ ಗುಮಾಸ್ತ ಅಲ್ಲಿಂದ ಎದ್ದುಹೋಗಿ ಎರಡು ತಲೆಮಾರಾಯಿತು. ಅವನು ಥಾಣೆಯಲ್ಲೋ, ಡೊಂಬಿವಲಿಯಲ್ಲೋ, ನೆರೂಲಿನಲ್ಲೋ ಮನೆ ಮಾಡಿದ್ದಾನೆ. ನಾವು ಮಾತ್ರ ಇನ್ನೂ ಅವನನ್ನು ಹಳೇ ವಿಳಾಸದಲ್ಲೇ ಹುಡುಕುತ್ತಿದ್ದೇವೆ.

ಲೆಕ್ಕ ನೋಡಿ. 1991ರಲ್ಲಿ ಥಾಣೆ ಜಿಲ್ಲೆಯ ಜನಸಂಖ್ಯೆ ಸುಮಾರು 52 ಲಕ್ಷ. 2001ಕ್ಕೆ 81 ಲಕ್ಷ. 2011ಕ್ಕೆ ಒಂದು ಕೋಟಿ 10 ಲಕ್ಷ. ಆಗ ಅದು ಇಡೀ ದೇಶದಲ್ಲೇ ಅತಿ ಹೆಚ್ಚು ಜನರಿರುವ ಜಿಲ್ಲೆ. 2014ರಲ್ಲಿ ಅದನ್ನು ಒಡೆದು ಪಾಲ್ಘರ್ ಜಿಲ್ಲೆ ಮಾಡಿದರು. 2001ರಿಂದ 2011ರ ನಡುವೆ ಥಾಣೆ ನಗರ 12.6 ಲಕ್ಷದಿಂದ 18.4 ಲಕ್ಷಕ್ಕೆ, ನವಿಮುಂಬಯಿ 7 ಲಕ್ಷದಿಂದ 11 ಲಕ್ಷಕ್ಕೆ ಹೋಯಿತು. ಅದೇ ಹತ್ತು ವರ್ಷದಲ್ಲಿ ದಕ್ಷಿಣದ ಮುಂಬಯಿ ನಗರ ಜಿಲ್ಲೆ, ಅಂದರೆ ನಮ್ಮ ಕತೆಗಳ ಮುಂಬಯಿ, 33 ಲಕ್ಷದಿಂದ 31 ಲಕ್ಷಕ್ಕಿಂತ ಕೆಳಗೆ ಇಳಿಯಿತು.

ಕಲ್ಯಾಣ್-ಡೊಂಬಿವಲಿಯದ್ದು ಇನ್ನೊಂದು ತಮಾಷೆ. 2001ರಲ್ಲಿ 11.9 ಲಕ್ಷ, 2011ರಲ್ಲಿ 12.5 ಲಕ್ಷ. ಬೆಳೆದೇ ಇಲ್ಲವಲ್ಲ ಅನ್ನಿಸುತ್ತದೆ! 2002ರಲ್ಲಿ 27 ಹಳ್ಳಿಗಳನ್ನು ಮಹಾನಗರಪಾಲಿಕೆಯಿಂದ ಹೊರಗಿಟ್ಟಿದ್ದರು, ಕಟ್ಟಡಗಳು ಎದ್ದದ್ದು ಆ ಹಳ್ಳಿಗಳಲ್ಲಿ. 2015ರಲ್ಲಿ ಅವನ್ನು ಮತ್ತೆ ಒಳಗೆ ತಂದರು. 2021ರ ಜನಗಣತಿ ನಡೆಯಲೇ ಇಲ್ಲ. ಹೀಗಾಗಿ ಡೊಂಬಿವಲಿಯ ನಿಜವಾದ ಲೆಕ್ಕ ಗೊತ್ತಿರುವುದು ಬೆಳಿಗ್ಗೆ ಎಂಟರ ಪ್ಲಾಟ್‌ಫಾರ್ಮಿಗೆ ಮಾತ್ರ.

ಯಾಕೆ ಹೋದರು? 1947ರ ಬಾಡಿಗೆ ಕಾಯ್ದೆ ಹಳೇ ಬಾಡಿಗೆಯನ್ನು ಅಲ್ಲಿಗೇ ನಿಲ್ಲಿಸಿತು. ಒಳಗಿದ್ದವರು ಬಚಾವಾದರು, ಬಾಡಿಗೆಗೆಂದು ಹೊಸದಾಗಿ ಕಟ್ಟುವವರು ಕಡಿಮೆಯಾದರು. ಖೋಲಿ ಬೇಕಿದ್ದರೆ ಪಗಡಿ ಕೊಡಬೇಕು, ಅಂದರೆ ಕೈಯಲ್ಲಿ ದೊಡ್ಡ ಗಂಟು ಇರಬೇಕು. ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುವ ಹುಡುಗನಿಗೆ, ರಾತ್ರಿಶಾಲೆಯಲ್ಲಿ ಓದಿ ಕ್ಲಾರ್ಕ್ ಆದವನಿಗೆ, ಒಬ್ಬನೇ ಇರುವಷ್ಟು ದಿನ ಮನೆ ಅನ್ನೋದು ಪ್ರಶ್ನೆಯೇ ಅಲ್ಲ. ಮದುವೆಯಾಗಿ ಹೆಂಡತಿಯನ್ನು ಕರೆತರುವಾಗ ಒಳಗಿನಿಂದ ಚಿಲಕ ಹಾಕಲು ಬರುವ ಒಂದು ಬಾಗಿಲು ಬೇಕಾಗುತ್ತದೆ. ಆ ಬಾಗಿಲು ಕೈಗೆಟಕುವ ದರದಲ್ಲಿ ಸಿಕ್ಕಿದ್ದು ರೈಲುಹಳಿಯ ಆ ತುದಿಯಲ್ಲಿ. 1853ರಲ್ಲಿ ಥಾಣೆಗೆ, 1854ರಲ್ಲಿ ಕಲ್ಯಾಣಕ್ಕೆ ಹಾಕಿದ ಹಳಿ ಅದು. ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳಲ್ಲಿ ವರ್ಗವಾಗಿ ಬಂದ ನಮ್ಮವರೂ ಅದೇ ಹಳಿ ಹಿಡಿದು 'ಒನ್ ರೂಮ್ ಕಿಚನ್' ಹುಡುಕುತ್ತ ಹೋದರು.

ಇಷ್ಟೊಂದು ಜನ, ಇಷ್ಟೊಂದು ಬಾಗಿಲುಗಳು. ಆದರೂ ನಮ್ಮ ಬರಹದಲ್ಲಿ ಡೊಂಬಿವಲಿ ಬರುವುದು ಹೆಚ್ಚಾಗಿ ಒಂದು ರೈಲಿನ ಹೆಸರಾಗಿ. ಪಾತ್ರ ಅಲ್ಲಿಂದ ಬರುತ್ತದೆ, ಅಲ್ಲಿಗೆ ಹೋಗುತ್ತದೆ, ಕತೆ ನಡೆಯುವುದು ಈಚೆಗೆ.

ಮರಾಠಿ ಚಿತ್ರದವರು ನಮಗಿಂತ ಮೊದಲು ಅಲ್ಲಿಗೆ ಇಳಿದರು ಅನ್ನಬೇಕು. ನಿಶಿಕಾಂತ ಕಾಮತರ 'ಡೊಂಬಿವಲಿ ಫಾಸ್ಟ್' (2005) ಚಿತ್ರದ ಮಾಧವ ಆಪ್ಟೆ ಬ್ಯಾಂಕಿನ ನೌಕರ. ಅವನ ಏಳುವುದು, ಓಡುವುದು, ನಿಲ್ಲುವುದು, ಮತ್ತೆ ಬರುವುದು, ಇದನ್ನೇ ಮತ್ತೆ ಮತ್ತೆ ತೋರಿಸಿ ಒಂದು ದಿನ ಅವನ ತಲೆ ಕೆಡುವುದನ್ನು ಆ ಚಿತ್ರ ನಂಬಿಸುತ್ತದೆ. ಒಳ್ಳೆಯ ಚಿತ್ರ. ಆದರೆ ಅವನ ಸಿಟ್ಟೆಲ್ಲ ಬೀದಿಯ ಅನ್ಯಾಯಗಳ ಮೇಲೆ. ಅವನ ಮನೆ ಯಾವ ದುಡ್ಡಿನಲ್ಲಿ ಬಂತು, ಅದರ ಕೆಳಗಿನ ನೆಲ ಯಾರದ್ದು ಅಂತ ಚಿತ್ರ ಕೇಳುವುದಿಲ್ಲ. ಆದಿತ್ಯ ಸರ್ಪೋತದಾರರ 'ಝೋಂಬಿವಲಿ' (2022) ದೆವ್ವದ ತಮಾಷೆಯಂತೆ ಕಂಡರೂ ಹೊಸ ಎತ್ತರದ ಕಟ್ಟಡ, ಪಕ್ಕದ ಬಡವರ ವಸ್ತಿ, ಕುಡಿಯುವ ನೀರು ಈ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ತಂದಿತು. ಇನ್ನೂ ಹಿಂದೆ, 1977ರಲ್ಲೇ ಹಿಂದಿಯ 'ಘರೌಂದಾ' ಬಂದಿತ್ತು. ಫ್ಲ್ಯಾಟಿಗಾಗಿ ದುಡ್ಡು ಕೂಡಿಡುವ ಜೋಡಿ, ಮೋಸಮಾಡುವ ಬಿಲ್ಡರು. ಪ್ರೀತಿಯ ಕತೆಯನ್ನು ಚದರಡಿಯ ಲೆಕ್ಕದಲ್ಲಿ ಹೇಳಬಹುದು ಅಂತ ಅದು ತೋರಿಸಿಕೊಟ್ಟು ಐವತ್ತು ವರ್ಷವಾಗುತ್ತ ಬಂತು.

ಕನ್ನಡದವನಿಗೆ ಮಾತ್ರ ಬರೆಯಲು ಸಾಧ್ಯವಾದ ಕತೆಯೊಂದು ಅಲ್ಲಿದೆ ಅನ್ನುವುದೇ ನನ್ನ ಹೊಟ್ಟೆಯ ಸಂಕಟ. ನವಿಮುಂಬಯಿಯನ್ನು ತೆಗೆದುಕೊಳ್ಳಿ. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು 1965ರ ಹೊತ್ತಿಗೆ ಖಾಡಿಯಾಚೆ (ನಮ್ಮ ಕರಾವಳಿಯವರ ಮಾತಲ್ಲಿ ಅಳಿವೆಯಾಚೆ) ಹೊಸ ನಗರದ ಕನಸು ಮುಂದಿಟ್ಟರು. 1970ರಲ್ಲಿ ಸಿಡ್ಕೊ ಹುಟ್ಟಿತು. 95 ಹಳ್ಳಿಗಳ ಗದ್ದೆ, ಉಪ್ಪಿನ ಆಗರ ಸರಕಾರದ ಪಾಲಾಯಿತು. ಸಚಿವಾಲಯವೂ ಅಲ್ಲಿಗೆ ಬರುತ್ತದೆ ಅಂದುಕೊಂಡಿದ್ದರು, ಬರಲಿಲ್ಲ. ರಸ್ತೆ ಸೇತುವೆ 1973ರಲ್ಲಿ ಆಯಿತು, ವಾಶಿಗೆ ರೈಲು ಮುಟ್ಟಿದ್ದು 1992ರಲ್ಲಿ! ನಡುವೆ 1984ರ ಜನವರಿಯಲ್ಲಿ, ದಿ.ಬಾ. ಪಾಟೀಲರ ನೇತೃತ್ವದಲ್ಲಿ ನೆಲಕ್ಕೆ ಸರಿಯಾದ ಪರಿಹಾರ ಕೇಳಿ ನಿಂತ ಆಗ್ರಿ, ಕೋಳಿ ರೈತರ ಮೇಲೆ ಉರಣ್ ಬಳಿಯ ಜಾಸಯಿ ಪರಿಸರದಲ್ಲಿ ಗೋಲಿಬಾರ್ ಆಗಿ ಐವರು ಸತ್ತರು. ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರೇ ಇಡಬೇಕು ಅಂತ 2021ರಲ್ಲಿ ಸಾವಿರಾರು ಜನ ಬೀದಿಗಿಳಿದದ್ದರ ಹಿಂದೆ ಈ ನೆನಪಿದೆ.

ಈಗ ಆ ನೆಲದ ಮೇಲಿನ ಫ್ಲ್ಯಾಟಿಗೆ ಬಂದ ನಮ್ಮವನನ್ನು ನೋಡಿ. 1974ರಲ್ಲಿ ಕರ್ನಾಟಕದಲ್ಲಿ 'ಉಳುವವನೇ ಹೊಲದೊಡೆಯ' ಆದಾಗ ಕೆಲವರ ಗೇಣಿ ನೆಲ ಹೋಯಿತು, ಕೆಲವರಿಗೆ ಬಂತು. ನೆಲ ಹೋದ ಮನೆಯ ಹುಡುಗನೂ ಮುಂಬಯಿಗೆ ಬಂದ, ನೆಲ ಸಿಕ್ಕ ಮನೆಯ ಹುಡುಗನೂ ಬಂದ. ಇಬ್ಬರೂ ನೆರೂಲಿನ ಒಂದೇ ಕಟ್ಟಡದಲ್ಲಿ ಎದುರು ಬದುರು ಬಾಗಿಲಿನವರಾಗಿರಬಹುದು. ಆ ಕಟ್ಟಡದ ಕೆಳಗೆ ಗದ್ದೆ ಕಳಕೊಂಡ ಮೂರನೆಯವನೊಬ್ಬ ಪಕ್ಕದ ಗಾಂವಠಾಣದಲ್ಲಿ, ಅಂದರೆ ಹಳೇ ಊರಕೇರಿಯಲ್ಲಿ, ಬಾಡಿಗೆ ಖೋಲಿಗಳನ್ನು ಒಂದರ ಮೇಲೊಂದು ಏರಿಸಿ ಕೂತಿದ್ದಾನೆ. ಮೂರು ನೆಲದ ಕತೆ ಒಂದೇ ಗೋಡೆಯ ಆಚೆ ಈಚೆ. ಇದನ್ನು ಮರಾಠಿಯವನು ಬರೆಯಲಾರ, ಅವನಿಗೆ ನಮ್ಮ ಗೇಣಿ ಗೊತ್ತಿಲ್ಲ. ಊರಿನ ಲೇಖಕ ಬರೆಯಲಾರ, ಅವನಿಗೆ ಗಾಂವಠಾಣ ಗೊತ್ತಿಲ್ಲ. ನಾವು ಬರೆಯುವುದು ಏನನ್ನು? ಹಲಸಿನ ಹಣ್ಣಿನ ನೆನಪನ್ನು, ಯಕ್ಷಗಾನದ ಚೆಂಡೆಯ ನೆನಪನ್ನು.

ನಮ್ಮ ಹೊರನಾಡಿನ ಲೇಖನಗಳಲ್ಲಿ ಊರು ಯಾವಾಗಲೂ ಹಿಂದೆ ಉಳಿದುಹೋದದ್ದು, ಕರೆಯುತ್ತಲೇ ಇರುವುದು. ವ್ಯವಹಾರ ಹಾಗಿಲ್ಲ ಮಾರಾಯ್ರೆ. ಎಷ್ಟೋ ಮನೆಗಳಲ್ಲಿ ಊರಿನ ಪಾಲು ಮಾರಿಯೇ ಡೊಂಬಿವಲಿಯ ಮುಂಗಡ ಕಟ್ಟಿದ್ದು. ಅಣ್ಣತಮ್ಮಂದಿರ ಮಾತು ನಿಂತದ್ದು, ಅಮ್ಮನ ಬಂಗಾರ ಹೋದದ್ದು, ತಂಗಿಯ ಮದುವೆ ಒಂದು ವರ್ಷ ಮುಂದೆ ಬಿದ್ದದ್ದು ಎಲ್ಲ ಆ ಮುಂಗಡದ ರಸೀತಿಯಲ್ಲಿದೆ. ಊರಿನ ಹಂಬಲವನ್ನು ಇಷ್ಟು ಚೆಂದ ಬರೆಯುವವರು ಈ ರಸೀತಿಯನ್ನು ಮಡಚಿ ಕಪಾಟಿನಲ್ಲಿಡುತ್ತಾರೆ. ನಾಚಿಕೆ ಇರಬೇಕು, ಅಥವಾ ಇದೆಲ್ಲ ಸಾಹಿತ್ಯವಲ್ಲ ಅನ್ನುವ ಭಾವನೆ.

ಆ ರಸೀತಿಗೆ ಬೆಲೆಯೇ ಇಲ್ಲದೆ ಹೋದರೆ? ಏಪ್ರಿಲ್ 2013ರಲ್ಲಿ ಮುಂಬ್ರಾದ ಶೀಳ ಫಾಟಾ ಬಳಿ ಕೆಲವೇ ತಿಂಗಳಲ್ಲಿ ಎಬ್ಬಿಸಿದ ಅಕ್ರಮ ಕಟ್ಟಡ ಕುಸಿದು 74 ಜನ ಸತ್ತರು. ನವೆಂಬರ್ 2024ರಲ್ಲಿ ಮುಂಬಯಿ ಹೈಕೋರ್ಟು ಕಲ್ಯಾಣ್-ಡೊಂಬಿವಲಿಯ 65 ಅಕ್ರಮ ಕಟ್ಟಡ ಒಡೆಯಲು ಹೇಳಿತು. ಪಾಲಿಕೆಯ ಖೋಟಾ ಪರವಾನಗಿ ತೋರಿಸಿ ರೇರಾ ನೋಂದಣಿಯನ್ನೇ ಪಡೆದಿದ್ದರು. ರೇರಾ ಬಂದದ್ದೇ 2017ರಲ್ಲಿ, ಗಿರಾಕಿಯನ್ನು ಇಂಥದ್ದರಿಂದ ಕಾಯಲಿಕ್ಕೆ! ಕೊಂಡವರು ಕಾಗದ ನೋಡಿಯೇ ಕೊಂಡಿದ್ದರು. ಬ್ಯಾಂಕು ಸಾಲವನ್ನೂ ಕೊಟ್ಟಿತ್ತು. ಮನೆ ಒಡೆದರೂ ಕಂತು ನಿಲ್ಲುವುದಿಲ್ಲ. 'ಶಿಕಾರಿ'ಯ ನಾಗಪ್ಪನನ್ನು ಬೆನ್ನಟ್ಟಿದವರಿಗೆ ಮುಖ, ಹೆಸರು ಇತ್ತು. ಇಲ್ಲಿ ಬೆನ್ನಟ್ಟುವುದು ಒಂದು ಸಾತ್-ಬಾರಾ, ನಮ್ಮ ಪಹಣಿಯಂಥ ಕಾಗದ. ಚಿತ್ತಾಲರಂಥವರ ಕೈಗೆ ಇದು ಸಿಕ್ಕಿದ್ದರೆ ಏನಾಗುತ್ತಿತ್ತೋ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಬರೆಯುವವರು ಅಲ್ಲಿಲ್ಲ ಅನ್ನೋಣವೇ? ಇದ್ದಾರೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವಿದೆ, ಅದರ ಮಂಜುನಾಥ ವಿದ್ಯಾಲಯವಿದೆ. ವಾಶಿಯಲ್ಲಿ ಕನ್ನಡ ಸಂಘವಿದೆ. ಆದರೆ ಪುಸ್ತಕ ಬಿಡುಗಡೆ, ವಿಚಾರಸಂಕಿರಣ, ಪ್ರಶಸ್ತಿ ಅಂದರೆ ಈಗಲೂ ಹೆಚ್ಚಾಗಿ ಮಾಟುಂಗಾ, ಮೈಸೂರು ಅಸೋಸಿಯೇಶನ್ನು ಇಲ್ಲವೇ ಕರ್ನಾಟಕ ಸಂಘದ ಸಭಾಗೃಹ. ಅಲ್ಲಿ 'ಮುಂಬಯಿ ಕನ್ನಡ ಸಾಹಿತ್ಯದಲ್ಲಿ ನಗರಪ್ರಜ್ಞೆ' ಅಂತ ಪ್ರಬಂಧ ಓದುತ್ತಿರುವಾಗಲೇ ಸಭಿಕರು ಗಡಿಯಾರ ನೋಡತೊಡಗುತ್ತಾರೆ. ಜೂನ್ 2025ರಲ್ಲಿ ಮುಂಬ್ರಾ ತಿರುವಿನಲ್ಲಿ ಎರಡು ಲೋಕಲ್‌ಗಳ ಬಾಗಿಲಿಗೆ ಜೋತಿದ್ದವರು ಕೆಳಗೆ ಬಿದ್ದು ಸತ್ತ ಮೇಲೆ ಈ ನೋಟದಲ್ಲಿ ಹೆದರಿಕೆಯೂ ಸೇರಿದೆ. ತಡವಾದಷ್ಟೂ ಮನೆಯವರ ಫೋನು ಹೆಚ್ಚು. ಅಧ್ಯಕ್ಷರ ಭಾಷಣ ಅರ್ಧವಾಗುವಷ್ಟರಲ್ಲಿ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ವಂದನಾರ್ಪಣೆಗೆ ಉಳಿಯುವವರು ಮಾಟುಂಗಾ, ಸಯನ್, ದಾದರಿನವರು. ಎದ್ದುಹೋದವರೆಲ್ಲ ಆಗ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಬರುವ ಗಾಡಿ ಥಾಣೆಗೇ ನಿಲ್ಲುವುದೋ ಕಲ್ಯಾಣಕ್ಕೆ ಹೋಗುವುದೋ ಅಂತ ಬೋರ್ಡು ನೋಡುತ್ತಿರುತ್ತಾರೆ.