ಮಲಗಿಸಿದ ಸಿಪಿಯು ಡಬ್ಬ

ನಮ್ಮ ಕಡೆ ಕಂಪ್ಯೂಟರ್ ಕ್ಯಾಬಿನೆಟ್ಟನ್ನು ಯಾರೂ ಕ್ಯಾಬಿನೆಟ್ ಅನ್ನುವುದಿಲ್ಲ, ಸಿಪಿಯು ಅಂತಲೇ ಅನ್ನುತ್ತಾರೆ. ಮಂಡ್ಯದ ಡಿಟಿಪಿ ಅಂಗಡಿ, ಮದ್ದೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟ್, ಮಳವಳ್ಳಿಯ ಸೈಬರ್ ಸೆಂಟರ್, ಎಲ್ಲಿ ಹೋದರೂ ಮೇಜಿನ ಕೆಳಗೆ ಮೊಣಕಾಲಿಗೆ ತಾಗುತ್ತಾ ಗುಂಯ್ ಅನ್ನುತ್ತಿದ್ದ ಬೂದು ಬಣ್ಣದ ಡಬ್ಬ ಅದು. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಹೋಗಿ ಪ್ರಿಂಟಾದ ಪಹಣಿ ಬಂದಾಗ ನಮ್ಮ ಎಷ್ಟೋ ರೈತರು ತಾಲೂಕು ಕಚೇರಿಯ ಕಿಟಕಿಯಾಚೆ ಮೊದಲ ಸಲ ಕಂಪ್ಯೂಟರ್ ಅಂತ ನೋಡಿದ್ದೂ ಇಂಥದನ್ನೇ. ಇಪ್ಪತ್ತು ವರ್ಷ ಕಳೆದಿವೆ. ಡಬ್ಬಗಳು ಅಟ್ಟ ಸೇರಿವೆ, ಇಲ್ಲವೇ ಗುಜರಿಗೆ ಹೋಗಿವೆ. ಅಲ್ಲೊಂದು ಇಲ್ಲೊಂದು ಮೀನಿನ ತೊಟ್ಟಿಯಾಗಿದೆ. ಅಂಥ ಮೂರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದರಲ್ಲಿ ಒಂದು ನನ್ನದೇ.

ಈ ಹವ್ಯಾಸದ ಮೂಲ ಅಮೆರಿಕದಲ್ಲಿದೆ. 1984ರಲ್ಲಿ ಆಪಲ್ ಕಂಪನಿ ತಂದ ಮೊದಲ ಮ್ಯಾಕಿಂತಾಷ್‌ನಲ್ಲಿ 9 ಇಂಚಿನ ಪರದೆಯೂ ಯಂತ್ರವೂ ಒಂದೇ ಡಬ್ಬದಲ್ಲಿದ್ದವು. ಆ ಸಾಲಿನ ಯಂತ್ರಗಳು ಹಳತಾದಾಗ, 90ರ ದಶಕದ ಆರಂಭದಲ್ಲಿ, ಆಂಡಿ ಇನಾಟ್ಕೊ ಎಂಬ ತಂತ್ರಜ್ಞಾನ ಬರಹಗಾರ ಒಳಗಿನದೆಲ್ಲ ತೆಗೆದು ಗಾಜಿನ ತೊಟ್ಟಿ ಕೂರಿಸಿ ‘ಮ್ಯಾಕ್ವೇರಿಯಂ’ ಎಂದು ಹೆಸರಿಟ್ಟ. ಕಟ್ಟುವ ಕ್ರಮವನ್ನೂ ಬರೆದು ಹಂಚಿದ. ಆ ಕೆಲಸ ಇವತ್ತಿಗೂ ಸೊಗಸಾಗಿ ಕಾಣುವುದಕ್ಕೆ ಕಾರಣ ಆ ಡಬ್ಬದಲ್ಲೇ ಇದೆ. ಅದಕ್ಕೆ ಮುಂದುಗಡೆ ಕಿಟಕಿಯಿತ್ತು. ಅಕ್ಷರ ಮೂಡುತ್ತಿದ್ದ ಜಾಗದಲ್ಲಿ ಮೀನು ಓಡಾಡಿದರೆ ಕಣ್ಣಿಗೆ ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ. ನಮ್ಮ ಸಿಪಿಯು ಡಬ್ಬಕ್ಕೆ ಕಿಟಕಿ ಇಲ್ಲ. ಪಕ್ಕದ ತಗಡು ಬಿಚ್ಚಬೇಕು. ರಿಪೇರಿ ಹುಡುಗ ಬಿಟ್ಟರೆ ಬೇರೆ ಯಾರೂ ನೋಡಿರದ ಪಕ್ಕ ಅದು. ಅಲ್ಲಿ ನೀರು ತುಂಬಿಸಿ ಮನೆಯವರಿಗೆಲ್ಲ ತೋರಿಸುವುದು ಒಳ್ಳೆಯ ಕಲ್ಪನೆಯೇ. ಆದರೆ ಮೊದಲ ತೊಡಕು ಶುರುವಾಗುವುದೂ ಅಲ್ಲೇ.

ಮಂಡ್ಯದ ಅಂಗಡಿಯೊಂದರ ಕೌಂಟರಿನ ಮೇಲೆ ನಾನು ನೋಡಿದ್ದು ನಿಲ್ಲಿಸಿದ ಡಬ್ಬ. ನೋಟಕ್ಕೆ ಬಲು ಚೆಂದ. ಪಕ್ಕದ ತಗಡಿನ ಜಾಗಕ್ಕೆ ಗಾಜು, ಮೇಲೆ ನೀಲಿ ಎಲ್‌ಇಡಿ ಪಟ್ಟಿ, ಹಿಂಬದಿಗೆ ಹಸಿರು ಮದರ್‌ಬೋರ್ಡನ್ನು ಹಾಗೇ ಬಿಟ್ಟಿದ್ದರು. ಅದರ ಮುಂದೆ ಒಂಟಿ ಕೆಂಪು ಫೈಟರ್ ಮೀನು. ಬಂದವರೆಲ್ಲ ಮೊಬೈಲ್ ತೆಗೆದು ಫೋಟೊ ಹಿಡಿಯುತ್ತಿದ್ದರು. ನಾನೂ ಹಿಡಿದೆ. ಮನೆಗೆ ಬಂದು ಫೋಟೊ ದೊಡ್ಡದು ಮಾಡಿ ನೋಡಿದಾಗ ಬೋರ್ಡಿನ ಕೆಪಾಸಿಟರ್‌ಗಳ ಬುಡದಲ್ಲಿ ಬೆಳ್ಳಗೆ ಪೊರೆ ಕಟ್ಟಿದ್ದು ಕಂಡಿತು. ಹಳೆಯ ಬೋರ್ಡಿನ ಬೆಸುಗೆಯಲ್ಲಿ ಸೀಸವಿದೆ, ಕನೆಕ್ಟರುಗಳಲ್ಲಿ ತಾಮ್ರವಿದೆ. ನೀರಿನಲ್ಲಿ ಕರಗಿದ ತಾಮ್ರ ಸ್ವಲ್ಪವಾದರೂ ಮೀನಿನ ಕಿವಿರಿಗೆ ವಿಷ. ಅಲಂಕಾರಕ್ಕೆಂದು ಅದನ್ನು ನೀರಲ್ಲಿ ಬಿಡುವುದು ತಪ್ಪು, ಇದರಲ್ಲಿ ಎರಡು ಮಾತಿಲ್ಲ. ಇನ್ನು ಆ ಫೈಟರ್. ಥಾಯ್ಲೆಂಡಿನ ಭತ್ತದ ಗದ್ದೆ, ಹಳ್ಳಗಳ ತೆಳುನೀರಿನ ಮೀನು ಅದು. ಆಗಾಗ ಮೇಲಕ್ಕೆ ಬಂದು ಗಾಳಿ ಕುಡಿಯುತ್ತದೆ. ಉದ್ದ ರೆಕ್ಕೆ ಹೊತ್ತುಕೊಂಡು ಒಂದೂಕಾಲು ಅಡಿ ಹತ್ತಿ ಇಳಿದು ಅದಕ್ಕೆ ಸುಸ್ತಾಗುತ್ತಿತ್ತು. ನಾವು ಅದನ್ನೇ ಆಟ ಅಂದುಕೊಂಡಿದ್ದೆವು.

ಆ ಹೊತ್ತಿಗೆ ನನ್ನ ಡಬ್ಬವೂ ನಿಂತೇ ಇತ್ತು. ಮದ್ದೂರಿನಲ್ಲಿ ನಮ್ಮ ನೆಂಟರೊಬ್ಬರು ಡಿಟಿಪಿ ಅಂಗಡಿ ಮುಚ್ಚಿದಾಗ ಕೊಟ್ಟಿದ್ದು. ತಗಡಿಗೇ ಸಿಲಿಕೋನ್ ಬಳಿದು ನೀರು ತುಂಬಿಸಿದೆ. ಮೂರನೇ ದಿನ ಬೆಳಿಗ್ಗೆ ಎದ್ದರೆ ಜಮಖಾನೆ ಪೂರ್ತಿ ಒದ್ದೆ. ತಗಡು ಮಿಲಿಮೀಟರಿಗಿಂತ ತೆಳು, ಎಲ್ಲ ಕಡೆ ರಿವಿಟ್ಟಿನ ತೂತು, ನೀರು ತುಂಬಿದರೆ ಹೊಟ್ಟೆ ಉಬ್ಬಿಸುತ್ತದೆ. ಅಂಟು ಬಿಡದೆ ಇರುವುದಾದರೂ ಹೇಗೆ? ಡಬ್ಬವನ್ನು ಹೊತ್ತು ಗಾಜಿನಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ಟೇಪು ಹಿಡಿದು ಅಳೆದರು, ಡಬ್ಬವನ್ನು ಒಮ್ಮೆ ಅಡ್ಡ ಮಲಗಿಸಿದರು, ಮತ್ತೆ ನಿಲ್ಲಿಸಿದರು, ಮತ್ತೆ ಮಲಗಿಸಿದರು. “ಎತ್ರ ಕಮ್ಮಿ ಮಾಡ್ಕಳಿ ಅಣ್ಣ, ನೀರು ತಳದಲ್ಲೇ ಒತ್ತದು” ಅಂದರು.

ಅವರು ಕೊಯ್ದುಕೊಟ್ಟ ಗಾಜಿನ ಪೆಟ್ಟಿಗೆಯ ಒಳ ಅಳತೆ 40, 36, 16 ಸೆಂಟಿಮೀಟರ್. 23 ಲೀಟರ್ ಹಿಡಿಯುತ್ತದೆ, ಅಂದರೆ ನೀರಿನದೇ 23 ಕೆ.ಜಿ. ನಿಲ್ಲಿಸಿದರೆ ಗಾಳಿಗೆ ತೆರೆದ ನೀರಿನ ಮೈ 640 ಚದರ ಸೆಂಟಿಮೀಟರ್, ಮಲಗಿಸಿದರೆ 1440. ಅದೇ ಗಾಜು, ಅದೇ ನೀರು, ಉಸಿರಾಡುವ ಜಾಗ ಮಾತ್ರ ಎರಡು ಪಟ್ಟಿಗೂ ಹೆಚ್ಚು. ತಳದ ಅಂಟಿನ ಮೇಲಿನ ಒತ್ತಡ ಅರ್ಧಕ್ಕಿಂತ ಕಡಿಮೆ. ಏಪ್ರಿಲ್ ತಿಂಗಳ ಮಂಡ್ಯದ ಸೆಕೆಯಲ್ಲಿ ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿದುಕೊಳ್ಳುತ್ತದೆ, ಸಂಜೆ ಕರೆಂಟು ಹೋದರೆ ಗಾಳಿಯ ಪಂಪೂ ನಿಲ್ಲುತ್ತದೆ. ಆಗ ಮೀನನ್ನು ಬದುಕಿಸುವುದು ಆ ಅಗಲವೇ.

ನನ್ನ ವಿಮರ್ಶೆಯ ಮುಖ್ಯ ಮಾತು ಇದು. ನಿಲ್ಲಿಸಿದ ಡಬ್ಬ ನೋಡುವವರಿಗೆ, ಮಲಗಿಸಿದ ಡಬ್ಬ ಮೀನಿಗೆ. ಮಲಗಿಸಿದಾಗ ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪಕ್ಕದಿಂದ ಕಾಣುವ ಗಾಜಿನ ಗೋಡೆ ಹೋಗುತ್ತದೆ, ಬಾವಿ ಇಣುಕಿದ ಹಾಗೆ ಮೇಲಿನಿಂದಲೇ ನೋಡಬೇಕು. ಗಂಡು ಗಪ್ಪಿಯ ಬಾಲದ ಬಣ್ಣ ಅರ್ಧ ಮಾತ್ರ ದಕ್ಕುತ್ತದೆ. ಬಂದ ನೆಂಟರು ಅದನ್ನು ಕಂಪ್ಯೂಟರ್ ಅಂತ ಗುರುತಿಸಲಿಕ್ಕೇ ಹೊತ್ತು ಹಿಡಿಯುತ್ತದೆ. ಆದರೂ ಒಮ್ಮೆ ಬಗ್ಗಿ ನೋಡಿದವರು ಬೇಗ ಏಳುವುದಿಲ್ಲ. ನಮ್ಮ ತಾಯಿ ದಿನಾ ಸಂಜೆ ಕಾಫಿ ಲೋಟ ಹಿಡಿದು ಅದರ ಪಕ್ಕ ಮಣೆ ಹಾಕಿಕೊಂಡು ಕೂರುತ್ತಾರೆ.

ನೀರಿನ ವಿಷಯಕ್ಕೆ ಬಂದರೆ ಹೆಚ್ಚಿನವರು ಸೋಲುವುದು ಆತುರದಿಂದ. ಭಾನುವಾರ ತೊಟ್ಟಿ ಕಟ್ಟಿ, ಅವತ್ತೇ ಹತ್ತು ಮೀನು ಬಿಟ್ಟು, ಮುಂದಿನ ಭಾನುವಾರಕ್ಕೆ ಎಂಟನ್ನು ಎತ್ತಿ ಹಾಕುತ್ತಾರೆ. ಕಬ್ಬಿಗೆ ಯೂರಿಯಾ ಹಾಕಿದವರಿಗೆ ಇದರ ಗುಟ್ಟು ಅರ್ಧ ಗೊತ್ತಿದೆ. ಯೂರಿಯಾ ಮಣ್ಣಲ್ಲಿ ಅಮೋನಿಯಾ ಆಗಿ, ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಬೆಳೆ ಅದನ್ನು ಎಳೆದುಕೊಳ್ಳುತ್ತದೆ. ಮೀನಿನ ತೊಟ್ಟಿಯಲ್ಲೂ ಅದೇ ಕೆಲಸ ನಡೆಯಬೇಕು. ಮೀನು ಹೊರಹಾಕುವ ಅಮೋನಿಯಾ ಅದಕ್ಕೇ ವಿಷ. ತಿನ್ನುವ ಜೀವಿಗಳು ಜಲ್ಲಿಯ ಮೇಲೆ, ಸ್ಪಂಜಿನೊಳಗೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದೆರಡು ಮೀನು, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ಹೊರಗೆ ಚೆಲ್ಲುವ ಆ ನೀರು ತುಳಸಿಗೂ ಕರಿಬೇವಿಗೂ ಒಳ್ಳೆಯ ಗೊಬ್ಬರ. ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ಬಿಟ್ಟು ಬ್ಲೀಚಿಂಗ್ ಪುಡಿಯ ವಾಸನೆ ಹೋದ ಮೇಲೆ ಹಾಕಬೇಕು. ಬೋರ್‌ವೆಲ್ಲಿನ ಗಡಸು ನೀರು ಎಷ್ಟೋ ಮೀನಿಗೆ ಒಗ್ಗುವುದಿಲ್ಲ, ಗಪ್ಪಿಗೆ ಒಗ್ಗುತ್ತದೆ.

ಗಪ್ಪಿ ನಮಗೆ ಹೊಸಬನೂ ಅಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಗಪ್ಪಿಯನ್ನೂ ಗ್ಯಾಂಬೂಸಿಯಾವನ್ನೂ ಬಾವಿ, ತೊಟ್ಟಿಗಳಿಗೆ ಬಿಡಿಸುತ್ತಾ ಬಂದಿದ್ದಾರೆ. ಆದರೆ ಬೇಜಾರಾದಾಗ ಮನೆಯ ಮೀನನ್ನು ತಂದು ವಿ.ಸಿ. ನಾಲೆಗೆ ಬಿಡುವುದನ್ನು ಪುಣ್ಯ ಅಂದುಕೊಂಡವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಗಾಜು ನೆಕ್ಕುವ ಕ್ಲೀನರ್ ಮೀನು ಅಂತ ಮಾರುವ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು, ಗಟ್ಟಿ ಚಿಪ್ಪಿನ ಮೈ, ನಮ್ಮ ನೀರಲ್ಲಿ ಅದನ್ನು ಹಿಡಿಯುವವರಿಲ್ಲ. ಹೊರಗಿನ ಮೀನು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮುತ್ತತ್ತಿ, ಭೀಮೇಶ್ವರಿಯ ಮಡುವಿನಲ್ಲಿ ಹೆಸರುವಾಸಿಯಾಗಿದ್ದ ಗೂನುಬೆನ್ನಿನ ಮಹಶೀರ್ ಕಾವೇರಿ ಸೀಮೆ ಬಿಟ್ಟು ಬೇರೆಲ್ಲೂ ಇಲ್ಲದ ಮೀನು. ಮರಿಕೇಂದ್ರದಲ್ಲಿ ಬೆಳೆಸಿದ ಬೇರೆ ಜಾತಿಯ ಮಹಶೀರನ್ನು ವರ್ಷಗಟ್ಟಲೆ ಅದೇ ಹೊಳೆಗೆ ಬಿಟ್ಟರು. ಗೂನುಬೆನ್ನಿನದು ಕ್ಷೀಣಿಸುತ್ತಾ ಹೋಯಿತು. 2018ರಲ್ಲಿ ವಿಜ್ಞಾನಿಗಳು ಇದರ ಸರಿಯಾದ ಹೆಸರು ಗುರುತಿಸುವ ಹೊತ್ತಿಗೆ ಅಳಿವಿನ ಅಂಚಿನ ಪಟ್ಟಿ ಸೇರುವ ಸ್ಥಿತಿಗೆ ಬಂದಿತ್ತು.

‘ಇ-ತ್ಯಾಜ್ಯ ಉಳಿಸಿದೆವು’ ಎಂಬ ಹೆಮ್ಮೆಗೆ ನಾನು ಹೆಚ್ಚು ಅಂಕ ಕೊಡಲಾರೆ. ಡಬ್ಬದ ತಗಡು ಗುಜರಿಯವನಿಗೆ ಪ್ರಿಯವಾದ ಸರಕು, ಹೇಗಿದ್ದರೂ ಕರಗಿ ಮತ್ತೆ ಕಬ್ಬಿಣವಾಗುತ್ತದೆ. ಕಾಡುವುದು ಒಳಗಿಂದ ಕಿತ್ತದ್ದು: ಬೋರ್ಡು, ಪವರ್ ಸಪ್ಲೈ, ವೈರು. ತಾಮ್ರಕ್ಕಾಗಿ ವೈರು ಸುಡುವ ಕಪ್ಪು ಹೊಗೆಯನ್ನು ಊರಾಚೆ ಎಲ್ಲರೂ ಮೂಸಿದ್ದೇವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅವು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಡಬ್ಬಕ್ಕೆ ನೀರು ತುಂಬಿಸಿ, ಅದರ ಕರುಳನ್ನು ಚರಂಡಿ ಪಕ್ಕ ಎಸೆದವರು ಏನನ್ನೂ ಉಳಿಸಿದಂತಲ್ಲ. ಹಳೆಯ ಮಾನಿಟರಿನ ಪಿಕ್ಚರ್ ಟ್ಯೂಬನ್ನಂತೂ ಬಿಚ್ಚಲೇಬಾರದು. ಒಳಗೆ ನಿರ್ವಾತ, ಗಾಜಿನಲ್ಲಿ ಸೀಸ, ಒಡೆದರೆ ಚೂರು ಮುಖಕ್ಕೇ.

ಹಾಗಾದರೆ ಈ ಕೆಲಸಕ್ಕೆ ಬೆಲೆ ಎಲ್ಲಿದೆ? ನನ್ನ ಅನುಭವದಲ್ಲಿ, ಕೈಗೆ ಸಿಕ್ಕ ಡಬ್ಬ ನೀರಿನ ಬಗ್ಗೆ ಯೋಚಿಸುವಂತೆ ಮಾಡುತ್ತದೆ. ಅಂಗಡಿಯಿಂದ ತಂದ ರೆಡಿ ತೊಟ್ಟಿಯಲ್ಲಿ ಅಳತೆ, ಒತ್ತಡ, ಗಾಳಿ ಎಲ್ಲ ಯಾರೋ ಯೋಚಿಸಿ ಮುಗಿಸಿರುತ್ತಾರೆ. ಇಲ್ಲಿ ಪ್ರತಿಯೊಂದೂ ನಮ್ಮ ತಲೆ ಮೇಲೆ. ಮಳವಳ್ಳಿಯಲ್ಲಿ ನನ್ನ ಅಕ್ಕನ ಮಗ, ಪಿಯುಸಿ ಹುಡುಗ, ತನ್ನ ಡಬ್ಬವನ್ನು ನಿಲ್ಲಿಸಿಯೇ ಕಟ್ಟಿದ್ದ. ಮೂರು ಗಪ್ಪಿ ಮೇಲ್ಮೈಗೆ ಬಂದು ಬಾಯಿ ತೆರೆಯುವುದನ್ನು ನೋಡಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. “ಮಾವ, ಉಸಿರು ಕಟ್ಟಿದ ಹಂಗೆ ಮಾಡ್ತವೆ.” ಬಕೆಟ್ಟಿಗೆ ಹಾಕಿ, ಲೋಟದಲ್ಲಿ ನೀರು ಎತ್ತಿ ಎತ್ತಿ ಹುಯ್ಯುತ್ತಿರು ಅಂದೆ. ಹನ್ನೆರಡರವರೆಗೆ ಹುಯ್ದನಂತೆ. ಎರಡು ಉಳಿದವು.

ಹೋದ ವಾರ ಅವನೇ ಡಬ್ಬ ಹೊತ್ತುಕೊಂಡು ಬಸ್ಸಿನಲ್ಲಿ ಮದ್ದೂರಿಗೆ ಬಂದ. ಅದೇ ಗಾಜಿನಂಗಡಿಗೆ ಹೋದೆವು. ಹಿರಿಯರು ಟೇಪು ತೆಗೆಯುವ ಮೊದಲೇ ಹುಡುಗ ಡಬ್ಬವನ್ನು ಅಡ್ಡ ಮಲಗಿಸಿ ನಿಂತಿದ್ದ. ಮೇಲಿನ ಅಂಚಿಗೆ ಗಪ್ಪಿ ಹಾರದಂತೆ ಬಲೆ ಕೂರಿಸಲು ಎಷ್ಟು ಜಾಗ ಬಿಡಬೇಕು ಅಂತ ಅವರಿಬ್ಬರೂ ಮಾತಾಡಿಕೊಂಡರು, ಒಂದು ಇಂಚು ಅಂತಾಯಿತು.