ಏರಿದ್ದು ಕೆಲಸವೋ, ಗಂಟೆಯೋ?

2020ರ ಮಾರ್ಚ್‌ನಲ್ಲಿ ಐಟಿ ಮಂದಿ ಲ್ಯಾಪ್‌ಟಾಪ್ ಎತ್ತಿಕೊಂಡು ಮನೆ ಸೇರಿದರು. ಒಂದೆರಡು ತಿಂಗಳಲ್ಲೇ ಖುಷಿ ಸುದ್ದಿ ಬಂತು: ಪ್ರೊಡಕ್ಟಿವಿಟಿ ಬಿದ್ದಿಲ್ಲ, ಕೆಲವು ಕಡೆ ಏರಿದೆಯಂತೆ! ಮೇ ತಿಂಗಳಲ್ಲಿ ಗಿಟ್‌ಹಬ್ ಹೊರತಂದ ವಿಶ್ಲೇಷಣೆಯೂ ಡೆವಲಪರ್‌ಗಳ ಚಟುವಟಿಕೆ ಹಿಂದಿನ ವರ್ಷದಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇದೆ ಅಂತು. ಕೆಲಸದ ದಿನ ಒಂದು ಗಂಟೆಯವರೆಗೂ ಉದ್ದವಾಗಿದೆ ಅಂತ ಹೇಳಿದ್ದೂ ಅದೇ ವರದಿ. ಆ ಸಾಲನ್ನು ಮ್ಯಾನೇಜರ್‌ಗಳ ಸ್ಲೈಡ್‌ನಲ್ಲಿ ಹುಡುಕಬೇಡಿ.

ಪ್ರೊಡಕ್ಟಿವಿಟಿ ಅಂದ್ರೆ ಬರೀ ಎಷ್ಟು ಕೆಲಸ ಆಯ್ತು ಅನ್ನೋದಲ್ಲ, ಎಷ್ಟು ಹೊತ್ತಿನಲ್ಲಿ ಆಯ್ತು ಅನ್ನೋದು. ಕಮಿಟ್, ಪುಲ್ ರಿಕ್ವೆಸ್ಟ್, ಮುಚ್ಚಿದ ಟಿಕೆಟ್ ಎಣಿಸೋದು ಸುಲಭ. ರಾತ್ರಿ ಹತ್ತರ ಕಾಲ್ ಯಾವ ಟೈಮ್‌ಶೀಟಿಗೂ ಬರಲ್ಲ.

ಗಂಟೆಗಳನ್ನೂ ಎಣಿಸಿದವರು ಗಿಬ್ಸ್, ಮೆಂಗೆಲ್, ಸೀಮ್‌ರೋತ್ ಎಂಬ ಮೂವರು ಅರ್ಥಶಾಸ್ತ್ರಜ್ಞರು. ಏಷ್ಯಾದ ದೊಡ್ಡ ಐಟಿ ಸೇವಾ ಕಂಪನಿಯೊಂದರ 10,000ಕ್ಕೂ ಹೆಚ್ಚು ನೌಕರರ ದಾಖಲೆ ಅವರ ಕೈಯಲ್ಲಿತ್ತು. 2021ರ ಅವರ ಲೆಕ್ಕದಲ್ಲಿ ದುಡಿದ ಗಂಟೆಗಳು ಸುಮಾರು 30% ಏರಿದ್ದವು, ಕೆಲಸದ ಫಲ ಮಾತ್ರ ಇದ್ದಷ್ಟೇ. ಅಂದರೆ ಪ್ರೊಡಕ್ಟಿವಿಟಿ ಸುಮಾರು 20% ಇಳಿದಿತ್ತು. ಆಮೇಲೆ 2023ರಲ್ಲಿ ಪ್ರಕಟವಾದ ಪರಿಷ್ಕೃತ ರೂಪದಲ್ಲಿ ಈ ಇಳಿಕೆ 8ರಿಂದ 19%.

ಈ ಅಧ್ಯಯನದ ಮೇಲೂ ನನಗೆ ತಕರಾರಿದೆ. ಅಲ್ಲಿ ಹೊತ್ತು ಎಣಿಸಿದ್ದು ಲ್ಯಾಪ್‌ಟಾಪಿನೊಳಗೆ ಕೂತ ಸಾಫ್ಟ್‌ವೇರ್. ಆಫೀಸಿನಲ್ಲಿ ವೈಟ್‌ಬೋರ್ಡ್ ಮುಂದೆ ನಿಂತು ತಲೆಕೆಡಿಸಿಕೊಂಡ ಅರ್ಧ ಗಂಟೆ ಅದರ ಕಣ್ಣಿಗೆ ಸುಲಭಕ್ಕೆ ಬೀಳಲ್ಲ. ಮನೆಗೆ ಬಂದ ಮೇಲೆ ಅದೇ ಮಾತುಕತೆ ವಿಡಿಯೊ ಕಾಲ್ ಆಗಿ ಲೆಕ್ಕ ಸೇರುತ್ತೆ. ಹಾಗಾಗಿ 30% ಅನ್ನೋದು ಸ್ವಲ್ಪ ಉಬ್ಬಿರಬಹುದು. ಆದರೆ ಮಾಮೂಲಿ ಆಫೀಸ್ ಹೊತ್ತು ಮೀರಿ ಮಾಡಿದ ಕೆಲಸವೂ 18% ಹೆಚ್ಚಿತ್ತು. ವೈಟ್‌ಬೋರ್ಡಿನ ನೆಪ ಇದಕ್ಕೆ ಸಾಲದು.

ಹೋಗಲಿ, ಆ ಗಂಟೆಗಳು ಹೋಗಿದ್ದೆಲ್ಲಿಗೆ? ಮೀಟಿಂಗ್‌ಗಳಿಗೆ, ಒಬ್ಬರನ್ನೊಬ್ಬರು ಹೊಂದಿಸಿಕೊಳ್ಳೋದಕ್ಕೆ. ಅಡ್ಡಿಯಿಲ್ಲದೆ ಕೂತು ಕೆಲಸ ಮಾಡುವ ಹೊತ್ತು ಕುಗ್ಗಿತು. ಮನೆಯಲ್ಲಿ ಮಕ್ಕಳಿದ್ದವರು ಉಳಿದವರಿಗಿಂತ ಹೆಚ್ಚು ಗಂಟೆ ದುಡಿದರು, ಅವರ ಪ್ರೊಡಕ್ಟಿವಿಟಿಯೇ ಹೆಚ್ಚು ಕುಸಿಯಿತು. ಇಷ್ಟೊಂದು ಮೀಟಿಂಗ್ ನಡುವೆಯೂ ಮೇಲಿನವರ ಜೊತೆ ಒಬ್ಬೊಬ್ಬರೇ ಕೂತು ಮಾತಾಡುವುದು, ಅವರಿಂದ ಕಲಿಯುವುದು ಮಾತ್ರ ಕಮ್ಮಿಯಾಯಿತು. ನನ್ನ ಮಟ್ಟಿಗೆ ಇದೇ ದೊಡ್ಡ ನಷ್ಟ. ಆ ವರ್ಷ ಕೆಲಸಕ್ಕೆ ಸೇರಿದ ಫ್ರೆಶರ್, ಪಕ್ಕದ ಸೀಟಿನವರನ್ನು ‘ಸರ್, ಇದ್ಯಾಕೆ ಹೀಗೆ?’ ಅಂತ ಕೇಳಿ ಮುಗಿಸಬಹುದಾಗಿದ್ದ ಡೌಟಿಗೆ ಕ್ಯಾಲೆಂಡರ್‌ನಲ್ಲಿ ಸ್ಲಾಟ್ ಹುಡುಕಬೇಕಾಯ್ತು.

2022ರಲ್ಲಿ ಮೈಕ್ರೋಸಾಫ್ಟ್ 11 ದೇಶಗಳಲ್ಲಿ 20,000 ಜನರನ್ನು ಕೇಳಿತು. ಕೆಲಸ ಚೆನ್ನಾಗೇ ಆಗ್ತಿದೆ ಅಂದ ನೌಕರರು 87%. ತಮ್ಮ ತಂಡದ ಮೇಲೆ ಪೂರ್ತಿ ಭರವಸೆಯಿದೆ ಅಂದ ಮುಖ್ಯಸ್ಥರು 12%. ಎರಡು ವರ್ಷ ಪುಕ್ಕಟೆ ಗಂಟೆಗಳನ್ನು ಪ್ರೊಡಕ್ಟಿವಿಟಿ ಖಾತೆಗೆ ಜಮಾ ಮಾಡಿಕೊಂಡವರು, ಆಮೇಲೆ ಕೊಳ್ಳೋಕೆ ಹೊರಟಿದ್ದು ಮೌಸ್ ಎಷ್ಟು ಸಲ ಅಲ್ಲಾಡಿತು ಅಂತ ನೋಡುವ ಸಾಫ್ಟ್‌ವೇರ್.