ಆವಿಗೆಯ ಕೆಂಪು

ತಿಗರಿಯ ಮೇಲೆ ಗಡಿಗೆ ಏಳುವುದನ್ನು ಕಂಡರೆ ದಾರಿಹೋಕರೂ ನಿಲ್ಲುತ್ತಾರೆ. ನನಗೆ ಅದಕ್ಕಿಂತ ರುಚಿ ಹೆಚ್ಚು ಮಡಕೆ ಸುಡುವ ಆವಿಗೆಯಲ್ಲಿ, ಏಕೆಂದರೆ ಅಲ್ಲಿ ಓಣಿಯೇ ಕೈಜೋಡಿಸುತ್ತದೆ. ನಮ್ಮ ಸಂತೆಕಲ್ಲೂರು, ಮಸ್ಕಿ ಸೀಮೆಯ ಖಡಕ್ ಬಿಸಿಲಿಗೆ ಒಣಗಿ ಮಾಸಲು ಬಣ್ಣಕ್ಕೆ ತಿರುಗಿದ ಹರವಿ, ಗಡಿಗೆ, ಮಗಿಗಳು ಕೈಯಿಂದ ಕೈಗೆ ದಾಟುತ್ತ ಬರುತ್ತವೆ. ಅಡಿಗೆ ಕುಳ್ಳಿನ ಹಾಸು, ಜಾಲಿಯ ಸೀಳು, ತೊಗರಿ ಕಟ್ಟಿಗೆ. ಬುಡಕ್ಕೆ ದೊಡ್ಡ ಹರವಿಗಳು, ಅವುಗಳ ಹೆಗಲ ಮೇಲೆ ಗಡಿಗೆಗಳು, ಸಂದಿಗೊಂದೊಂದು ಹಣತೆ. ಒಂದಕ್ಕೊಂದು ಆತುಕೊಂಡಿರಬೇಕು, ಆದರೆ ಒತ್ತಬಾರದು. ಕಿಚ್ಚು ನುಸುಳುವಷ್ಟು ಎಡೆ ಬೇಕು. ಮೇಲೆ ಭತ್ತದ ಹುಲ್ಲು, ಹಳೆಯ ಬೋಕಿ, ಕೆಸರಿನ ತೆಳು ಮೆತ್ತು, ಹೊಗೆ ಹೋಗಲು ಅಲ್ಲಲ್ಲಿ ಕಿಂಡಿ.

“ಸಾವಕಾಶ ಹಾಕು ತಮ್ಮಾ, ಇನ್ನಾ ಹೊಗಿ ಬೆಳ್ಳಗೈತಿ.”

ಓಣಿಯ ಮುದುಕಿಯ ಆ ಒಂದು ಮಾತಿನಲ್ಲಿ ಇಡೀ ವಿದ್ಯೆ ಇದೆ. ಕಣ್ಣಿಗೆ ಒಣಗಿದಂತೆ ಕಾಣುವ ಮಣ್ಣಿನಲ್ಲೂ ನೀರು ಅಡಗಿರುತ್ತದೆ. ಅವಸರದ ಉರಿಗೆ ಅದು ಆವಿಯಾಗಿ ನುಗ್ಗಿದರೆ ಗಡಿಗೆ ಸಿಡಿಯುತ್ತದೆ. ಈ ಬಿಳಿ ಹೊಗೆಯ ತಾಸುಗಳೇ ನನಗೆ ಅತಿ ಪ್ರಿಯ: ಮಂದವಾದ ಉರಿ, ಕುಳ್ಳಿನ ಘಾಟು, ಅದರ ನಡುವೆ ಬೆಚ್ಚನೆಯ ಮಣ್ಣಿನ ಕಂಪು. ಶಾಖ 500, 600 ಡಿಗ್ರಿಗೆ ಏರುವ ಹೊತ್ತಿಗೆ ಮಣ್ಣಿನ ಕಣಕಣದೊಳಗೆ ಬೆರೆತ ನೀರೂ ಬಿಟ್ಟುಹೋಗುತ್ತದೆ. ಆಮೇಲೆ ಎಷ್ಟು ನೆನೆದರೂ ಅದು ಮತ್ತೆ ಕೆಸರಾಗದು. ಆಗ ಕಿಂಡಿಯಲ್ಲಿ ಇಣುಕಬೇಕು. ಮೊದಲು ಬರೀ ಕತ್ತಲೆ. ಆಮೇಲೆ ಮಂಕು ಕೆಂಪು. ಆಮೇಲೆ, ನೋಡನೋಡುತ್ತ, ತುಂಬ ನಿಧಾನವಾಗಿ, ಮುತ್ತುಗದ ಹೂವಿನಂಥ ಬೆಳಕು ಹರವಿಯ ಹೊಟ್ಟೆಯೊಳಗಿಂದಲೇ ಹೊಮ್ಮುತ್ತದೆ.

ಗಾಳಿ ಧಾರಾಳ ಸಿಕ್ಕಲ್ಲಿ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಹೊಗೆ ಕಟ್ಟಿದಲ್ಲಿ ಕಪ್ಪಾಗುತ್ತದೆ. ಇವೆರಡನ್ನೂ ಒಂದೇ ಪಾತ್ರೆಯ ಮೈಮೇಲೆ ಆಡಿಸಿದ ಜಾಣರು ಇದೇ ನೆಲದಲ್ಲಿದ್ದರು. ಮಸ್ಕಿ ಎಂದರೆ ಎಲ್ಲರಿಗೂ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ನೆನಪಾಗುತ್ತದೆ. ನನ್ನನ್ನು ಸೆಳೆಯುವುದು 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಲ್ಲಿ ಅಗೆಸಿದಾಗ ದೊರೆತ ಬೃಹತ್ ಶಿಲಾ ಸಂಸ್ಕೃತಿಯ ಕಪ್ಪು-ಕೆಂಪು ಮಡಕೆಗಳು. ಒಳಮೈಗೂ ಬಾಯಂಚಿಗೂ ನುಣುಪಾದ ಕಪ್ಪು, ಕೆಳಗಿಳಿದಂತೆ ಕೆಂಪು, ಎರಡೂ ಕೂಡುವಲ್ಲಿ ಒಂದು ಗೆರೆಯೂ ಇಲ್ಲದ ಮೃದುವಾದ ಕರಗುವಿಕೆ. ಪಾತ್ರೆಯನ್ನು ಬೋರಲು ಹಾಕಿ, ಬಾಯಿಗೆ ಗಾಳಿ ತಪ್ಪಿಸಿ ಸುಟ್ಟಿರಬೇಕೆಂಬುದು ವಿದ್ವಾಂಸರ ಒಂದು ವಿವರಣೆ. ಉರಿಯನ್ನು ಕುಂಚದಂತೆ ಹಿಡಿದ ಕೈಗಳವು.

ಆವಿಗೆ ತಾನಾಗಿ ಆರಬೇಕು. ಬೂದಿ ಸರಿಸಿ ಎತ್ತಿದ ಮೊದಲ ಗಡಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎಂಬ ತುಂಬು ನಾದ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆ ಬಾರಿಸಿದಾಗ ಶಿವ ಕುಣಿದದ್ದರಲ್ಲಿ ನನಗೆ ಏನೂ ಅಚ್ಚರಿಯಿಲ್ಲ.

ಬೇಸಿಗೆಗೆ ಹರವಿ ಕೊಳ್ಳುವಾಗ ಮೈಯೆಲ್ಲ ಒಂದೇ ಬಣ್ಣದ್ದನ್ನು ಹುಡುಕಬೇಡಿ. ಪಕ್ಕೆಯ ಮೇಲೆ ಹೊಗೆಯ ಕಪ್ಪು ಹಾಯ್ದದ್ದನ್ನು ಎತ್ತಿಕೊಳ್ಳಿ, ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡಿ, ಮನೆಗೆ ತನ್ನಿ.